ಹಬ್ಬದ ಹೊತ್ತಿಗೆ ತಿರುಗಿದ ಡಿಶ್

ಹನೂರು ಕಡೆ ಫೋನ್ ಹತ್ತದಿದ್ದರೆ ಜನ ಟವರ್ ನೋಡಿ ಬೈಯುತ್ತಾರೆ. ಬಹಳ ಸಲ ಟವರ್‌ಗೆ ಏನೂ ಆಗಿರುವುದಿಲ್ಲ. ಕರೆಂಟ್ ಇರುತ್ತದೆ, ಬ್ಯಾಟರಿ ನೆಟ್ಟಗಿರುತ್ತದೆ, ಕೆಲವು ಸಲ ಫೋನಿನಲ್ಲಿ ಕಡ್ಡಿಗಳೂ ತುಂಬಿರುತ್ತವೆ. ಆದರೆ ಮಾತು ಹೋಗುವುದಿಲ್ಲ. ಆ ಟವರ್‌ನಿಂದ ಹಿಂದಕ್ಕೆ ಕೊಳ್ಳೇಗಾಲ, ಅಲ್ಲಿಂದ ಮೈಸೂರು, ಬೆಂಗಳೂರು ತಲುಪುವ ದಾರಿ ಎಲ್ಲೋ ಕಡಿದಿರುತ್ತದೆ. ಅದಕ್ಕೆ ನಮ್ಮವರು ಬ್ಯಾಕ್‌ಹಾಲ್ ಅನ್ನುತ್ತಾರೆ. ಕೆಲವು ಕಡೆ ಅದು ನೆಲದಲ್ಲಿ ಹೂತ ಫೈಬರ್. ಫೈಬರ್ ಹೋಗದ ಕಡೆ ಎರಡು ಟವರ್‌ಗಳ ಮೇಲೆ ಎದುರುಬದುರು ಕೂರಿಸಿದ, ಡೊಳ್ಳಿನಂಥ ಮೈಕ್ರೋವೇವ್ ಡಿಶ್. ಗುತ್ತಿಗೆ ಕಂಪನಿಯೊಂದರಲ್ಲಿ ನಾನು ಈ ಡಿಶ್‌ಗಳ ಕೆಲಸಕ್ಕಿದ್ದೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕು ನನ್ನ ತಲೆಗೆ.

ಮೈಕ್ರೋವೇವ್‌ಗೆ ಒಂದು ತುದಿಗೆ ಇನ್ನೊಂದು ತುದಿ ಕಾಣಬೇಕು. ನಡುವೆ ಗುಡ್ಡ ಬಂದರೆ ಮುಗಿಯಿತು. ಮಲೆ ಮಹದೇಶ್ವರ, ನಮ್ಮ ಬಾಯಲ್ಲಿ ಮಾದಪ್ಪ, ಎಪ್ಪತ್ತೇಳು ಮಲೆಯ ಒಡೆಯ. ಭಕ್ತರಿಗೆ ಅದು ಮಹಿಮೆ, ನಮಗೆ ಎಪ್ಪತ್ತೇಳು ಅಡ್ಡಿ. ಗುಡ್ಡವಾದರೂ ನಕ್ಷೆಯಲ್ಲಿ ಕಾಣುತ್ತದೆ, ಮರ ಕಾಣುವುದಿಲ್ಲ. ಅಲೆ ನೂಲಿನ ಹಾಗೆ ನೇರ ಹೋಗದೆ ನಡುದಾರಿಯಲ್ಲಿ ಉಬ್ಬಿಕೊಂಡು ಹೋಗುತ್ತದೆ. 15 ಗಿಗಾಹರ್ಟ್ಸ್‌ನಲ್ಲಿ 12 ಕಿಲೋಮೀಟರ್ ದೂರದ ಹಾಪ್ (ಒಂದು ಡಿಶ್‌ನಿಂದ ಎದುರಿನ ಡಿಶ್‌ಗೆ ಒಂದು ನೆಗೆತ) ಆದರೆ ನಟ್ಟನಡುವೆ ಸುತ್ತಲೂ ಸುಮಾರು 8 ಮೀಟರ್ ಬಯಲು ಬೇಕು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗಿದ್ದ ನಮ್ಮ ಹಾಪ್ ಒಂದು ಮಳೆಗಾಲದಲ್ಲಿ ಬೇನೆ ಬಿದ್ದವರಂತೆ ದಿನದಿನಕ್ಕೆ ಸೊರಗಿತು. ದಾರಿಯಲ್ಲಿ ಮರಗಳು ಬೆಳೆದಿದ್ದವು, ಎಲೆ ನೆನೆದಾಗಲೆಲ್ಲ ಸಿಗ್ನಲ್ ಇಳಿಯುತ್ತಿತ್ತು. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ, ಒಂದು ರೆಂಬೆ ಮುಟ್ಟುವ ಹಾಗಿಲ್ಲ. ಮರ ಬಗ್ಗುವುದಿಲ್ಲ ಎಂದಾದ ಮೇಲೆ ನಾವೇ ಡಿಶ್ ಬಿಚ್ಚಿ ಟವರ್‌ನಲ್ಲಿ ಇನ್ನಷ್ಟು ಮೇಲಕ್ಕೆ ಕಟ್ಟಿದೆವು. ಆ ಕೆಲಸ ಕಷ್ಟದ್ದಾದರೂ ನಿಧಾನದ್ದು, ಕುಂತು ಯೋಚಿಸಲು ಸಮಯವಿತ್ತು.

ಮಾದಪ್ಪನ ಬೆಟ್ಟದ ದೀಪಾವಳಿ ಜಾತ್ರೆಯ ಹಿಂದಿನ ದಿನ ಆದದ್ದು ಹಾಗಲ್ಲ. ಕೊಳ್ಳೇಗಾಲ–ಹನೂರು ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಕಾಮಗೆರೆ ಹತ್ತಿರ ಜೆಸಿಬಿಯ ಹಲ್ಲಿಗೆ ಫೈಬರ್ ಸಿಕ್ಕಿತು. ಬರೀ ಕತ್ತರಿಸಿದ್ದರೆ ಜೋಡಿಸಬಹುದಿತ್ತು; ಎಳೆದು ಹಾಕಿದ್ದರಿಂದ ಎಷ್ಟು ಕಡೆ ಒಳಗೇ ಮುರಿದಿದೆಯೋ ತಿಳಿಯಲಿಲ್ಲ. ತೋಡಿದ ಗುಂಡಿಗೆ ಮಳೆನೀರು ತುಂಬಿಕೊಂಡಿತು. ಹನೂರಿನ ಟವರ್ ನಮಗೆ ಹಬ್. ಕೌದಳ್ಳಿ, ರಾಮಾಪುರ, ಮಲೆ ಮಹದೇಶ್ವರ ಬೆಟ್ಟ, ಇತ್ತ ಲೊಕ್ಕನಹಳ್ಳಿ, ಎಲ್ಲವೂ ಅಲ್ಲಿಂದಲೇ ಹಾಪ್ ಮೇಲೆ ಹಾಪ್ ಹಾರಿ ಹೋಗುತ್ತಿದ್ದವು. ಒಂದೇ ಏಟಿಗೆ ಎಲ್ಲ ಮಲಗಿದವು. ಬೆಟ್ಟಕ್ಕೆ ಆಗಲೇ ಜನ ಹತ್ತುತ್ತಿದ್ದರು, ಬಸ್ಸಿನಲ್ಲೂ ನಡೆದೂ.

ಮಧ್ಯಾಹ್ನ ಮೈಸೂರಿನಿಂದ ಮ್ಯಾನೇಜರ್ ಫೋನ್ ಮಾಡಿದರು. ಫೈಬರ್ ಬರುವ ಮೊದಲು ಕೊಳ್ಳೇಗಾಲ–ಹನೂರು ನಡುವೆ ಮೈಕ್ರೋವೇವ್ ಹಾಪ್ ಇತ್ತು, ಅದನ್ನೇ ಎಬ್ಬಿಸಿ ಅಂದರು. ಕೊಳ್ಳೇಗಾಲದಲ್ಲಿ ಹಳೆಯ ಡಿಶ್ ಇನ್ನೂ ಇತ್ತು. ಹನೂರಿನದನ್ನು ಬಿಚ್ಚಿ ಲೊಕ್ಕನಹಳ್ಳಿ ಕಡೆಗೆ ತಿರುಗಿಸಿದ್ದೆವು.

“ಅದನ್ನೇ ತಿರುಗಿಸಿ.”

“ಸಾರ್, ಲೊಕ್ಕನಹಳ್ಳಿ?”

“ಅಲ್ಲಿ ಟ್ರಾಫಿಕ್ ಎಷ್ಟಿದೆ ಹೇಳಿ.”

ಟ್ರಾಫಿಕ್ ಕಡಿಮೆಯೇ. ಪರದೆಯ ಮೇಲಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಆದರೆ ಲೊಕ್ಕನಹಳ್ಳಿಯಿಂದ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪ್ ಕಡೆಗೂ ಅದೇ ದಾರಿ. ಫೈಬರ್ ಸೇರಿದ ತಕ್ಷಣ ಉಳಿದ ಊರುಗಳು ತಾವಾಗಿ ಎದ್ದು ಕೂರುತ್ತವೆ. ನಾವು ಡಿಶ್ ತಿರುಗಿಸಿದರೆ ಆ ಕಡೆಯವರು ಮಾತ್ರ ಮತ್ತೆ ಯಾರಾದರೂ ಟವರ್ ಹತ್ತುವ ತನಕ ಕಾಯಬೇಕು. ಇದನ್ನು ಹೇಳಿದೆ. ಅವರು “ಜಾತ್ರೆ ಮುಗಿಯಲಿ” ಅಂದರು.

ಹನೂರಿನ ಟವರ್ ಹತ್ತುವಾಗ ಹೊತ್ತು ಇಳಿದಿತ್ತು. ಜೊತೆಗಿದ್ದ ರಿಗ್ಗರ್ ಹುಡುಗ, ಟವರ್ ಹತ್ತುವ ಕೆಲಸದವನು, ಕೆಳಗೆ ಹಗ್ಗ ಹಿಡಿದಿದ್ದ. ಕಬ್ಬಿಣ ಮಳೆಗೆ ತೊಯ್ದು ಜಾರುತ್ತಿತ್ತು. ಸೊಂಟಕ್ಕೆ ಬೆಲ್ಟ್ ಬಿಗಿದು, ದಿಕ್ಸೂಚಿ ನೋಡಿ, ಡಿಶ್‌ನ ನಟ್ಟುಗಳನ್ನು ಸಡಿಲಿಸಿ ಕೊಳ್ಳೇಗಾಲದ ಕಡೆ ಮುಖ ಮಾಡಿಸಿದೆ. ಅಲ್ಲಿಯ ಟವರ್ ಮೇಲೆ ನಮ್ಮವನೊಬ್ಬ ಕೂತಿದ್ದ. ಒಬ್ಬರು ಅಲ್ಲಾಡದೆ ಇರಬೇಕು, ಇನ್ನೊಬ್ಬರು ಕೂದಲೆಳೆಯಷ್ಟು ತಿರುಗಿಸಬೇಕು, ಆಮೇಲೆ ಸರದಿ ಬದಲು. ನಾಲ್ಕು ಅಡಿ ಡಿಶ್‌ನ ಕಿರಣ ಅಗಲದಲ್ಲಿ ಒಂದು ಡಿಗ್ರಿಯ ಮೇಲೆ ಸ್ವಲ್ಪ. ನೇರ ದೂರ ಸುಮಾರು 22 ಕಿಲೋಮೀಟರ್. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಅಲ್ಲಿ 380 ಮೀಟರ್ ಆಚೆ. ಹೊರಗಿನ ರೇಡಿಯೋ ಡಬ್ಬಿಯಲ್ಲಿ ಒಂದು ಸಣ್ಣ ಪಿನ್ನಿರುತ್ತದೆ, ಅದಕ್ಕೆ ಮಲ್ಟಿಮೀಟರ್ ಚುಚ್ಚಿದರೆ ಸಿಗ್ನಲ್ ಎಷ್ಟಿದೆ ಎಂದು ವೋಲ್ಟೇಜ್‌ನಲ್ಲಿ ಗೊತ್ತಾಗುತ್ತದೆ. ಮಲ್ಟಿಮೀಟರನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಹಲ್ಲಲ್ಲಿ ಕಚ್ಚಿಕೊಂಡಿದ್ದೆ, ಎರಡು ಕೈಯಲ್ಲೂ ಸ್ಪ್ಯಾನರ್ ಇತ್ತು.

ಸಿಗ್ನಲ್ ಸಿಕ್ಕಿತು. ಕೆಳಗಿನಿಂದ ಹುಡುಗ ಲ್ಯಾಪ್‌ಟಾಪ್ ನೋಡಿ ಮೈನಸ್ 62 ಡಿಬಿಎಂ ಅಂದ. ಲೆಕ್ಕದ ಪ್ರಕಾರ ಮೈನಸ್ 40ರ ಆಸುಪಾಸು ಬರಬೇಕಿತ್ತು. ಅತ್ತ ತಿರುಗಿಸಿದರೂ ಕಮ್ಮಿ, ಇತ್ತ ತಿರುಗಿಸಿದರೂ ಕಮ್ಮಿ. ಇದೇ ಶಿಖರ ಎಂದು ನಟ್ಟು ಬಿಗಿಯುವವರೇ ಹೆಚ್ಚು. ಆದರೆ 20 ಡಿಬಿಗಿಂತ ಹೆಚ್ಚು ಕೊರತೆ ಬಂದರೆ ನಾವು ಹಿಡಿದಿರುವುದು ಮುಖ್ಯ ಕಿರಣವಲ್ಲ, ಪಕ್ಕದ ಪುಡಿ ಕಿರಣ. ಅದನ್ನು ಬಿಟ್ಟು, ಸಿಗ್ನಲ್ ಪೂರಾ ಸತ್ತುಹೋಗುವ ಜಾಗ ದಾಟಿ ಆಚೆ ಹೋಗಬೇಕು. ಸಿಕ್ಕಿದ್ದನ್ನು ಕೈಬಿಡಲು ಎದೆಗಾರಿಕೆ ಬೇಕು, ಅದೂ ಕತ್ತಲಲ್ಲಿ, ಗಾಳಿಯಲ್ಲಿ.

“ಅಣ್ಣೋ, ಇಳಿ. ಮಳ ಜೋರಾಗ್ತಾ ಅದ” ಅಂತ ಹುಡುಗ ಕೂಗಿದ.

ಬೆರಳು ಸೆಟೆದುಕೊಂಡು ಸ್ಪ್ಯಾನರ್ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಡಿಶ್‌ನ ಹಿಂದೆ ಕಂಬ ತಬ್ಬಿಕೊಂಡು ಕಾದೆ. ಮಳೆ ಕಡಿಮೆಯಾದ ಮೇಲೆ ಮತ್ತೆ ಶುರು ಮಾಡಿದೆ. ಕೊಳ್ಳೇಗಾಲದವನೂ ತನ್ನ ಕಡೆ ತಿರುಗಿಸಿದ. ಕೊನೆಗೆ ಮೈನಸ್ 43. ಬಿಗಿದೆ.

ಆದರೂ ಅದು ಫೈಬರ್ ಅಲ್ಲ. ಆಕಾಶ ತೆರವಾಗಿದ್ದಾಗ ಆ ರೇಡಿಯೋ ಹೊರುವುದು ಹೆಚ್ಚೆಂದರೆ 180 ಎಂಬಿಪಿಎಸ್. ಮಳೆಹನಿ ಈ ಅಲೆಗಳನ್ನು ಹೀರಿ ಚದುರಿಸುತ್ತದೆ. ಆಗ ಲಿಂಕ್ ಕಡಿಯದಿರಲೆಂದು ರೇಡಿಯೋ ತಾನೇ ವೇಗ ತಗ್ಗಿಸುತ್ತಾ 40ಕ್ಕೆ ಇಳಿಯುತ್ತದೆ. ಇಷ್ಟರಲ್ಲಿ ಒಂದು ತಾಲ್ಲೂಕು, ಅದರ ಮೇಲೆ ಜಾತ್ರೆ. ಮಾತಿಗೆ ಮೊದಲ ಮಣೆ ಹಾಕಿ, ಎಲ್ಲ ಸೈಟ್‌ಗಳ ಡೇಟಾಗೆ ಮಿತಿ ಹಾಕಿ ಎಂದು ಬೆಂಗಳೂರಿನ ಕಂಟ್ರೋಲ್ ರೂಮಿಗೆ ಹೇಳಿದೆ. ವಿಡಿಯೋ ಬರದಿದ್ದರೆ ಯಾರೂ ಸಾಯುವುದಿಲ್ಲ. ಬೆಟ್ಟದಲ್ಲಿ ತಪ್ಪಿಸಿಕೊಂಡ ಮುದುಕಿ ಮಗನಿಗೆ ಫೋನ್ ಮಾಡಬೇಕು.

ಅಲ್ಲಿ ಇನ್ನೊಂದು ಎಡವಟ್ಟಾಯಿತು. ಈ ಕೆಲಸದಲ್ಲಿ ಮಗ್ಗಿಯಂತೆ ಬಾಯಿಪಾಠವಾಗಿರಬೇಕಾದ ನಿಯಮವೊಂದಿದೆ: ಸೆಟ್ಟಿಂಗ್ ಬದಲಿಸುವಾಗ ದೂರದ ತುದಿ ಮೊದಲು, ಹತ್ತಿರದ್ದು ಆಮೇಲೆ. ಹತ್ತಿರದ್ದನ್ನು ಮೊದಲು ಬದಲಿಸಿದರೆ ದೂರದ್ದಕ್ಕೆ ಹೇಳಿ ಕಳಿಸಲು ದಾರಿಯೇ ಉಳಿಯುವುದಿಲ್ಲ. ರಾತ್ರಿ ಪಾಳಿಯಲ್ಲಿದ್ದವರು ಹಿಂದುಮುಂದು ಮಾಡಿದರು. ಹನೂರು, ಕೌದಳ್ಳಿ, ರಾಮಾಪುರ ಎದ್ದವು. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಆ ಬೆಟ್ಟ ಮಾತ್ರ ಕತ್ತಲಲ್ಲೇ ಉಳಿಯಿತು. ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಅಲ್ಲಿಗೇ ಹೋಗಬೇಕು. ಯಾರಾದರೂ ಅಂದರೆ ನಾನೇ.

ಒದ್ದೆ ಬಟ್ಟೆಯಲ್ಲೇ ಜೀಪು ಹತ್ತಿದೆವು. ತಾಳಬೆಟ್ಟದಿಂದ ಮೇಲೆ ರಸ್ತೆ ತುಂಬ ಜನ. ಹೆಗಲಿಗೆ ಗಂಟು, ಕೈಯಲ್ಲಿ ಟಾರ್ಚು, ಬಾಯಲ್ಲಿ ಉಘೇ ಮಾದಪ್ಪ. ಹಾರ್ನ್ ಮಾಡಲು ಮನಸ್ಸು ಬರಲಿಲ್ಲ, ನಡೆಯುವವರ ಹಿಂದೆಯೇ ಹೋದೆವು. ಒಂದು ತಿರುವಿನಲ್ಲಿ ಎಲ್ಲರೂ ನಿಂತುಬಿಟ್ಟರು. ಕೆಳಗಿನ ಬಿದಿರು ಮೆಳೆಯಲ್ಲಿ ಲಟಲಟ ಸದ್ದು. ಆನೆ. ಯಾರೂ ಉಸಿರೆತ್ತಲಿಲ್ಲ. ಸದ್ದು ದೂರವಾದ ಮೇಲೆ ಮುಂದಿದ್ದ ಹಿರಿಯರೊಬ್ಬರು “ನಡೀರಪ್ಪ” ಅಂದರು.

ಬೆಟ್ಟದ ಮೇಲೆ ಟವರ್‌ನ ಬೇಲಿಗೆ ಒರಗಿಯೇ ಸಂಸಾರಗಳು ಮಲಗಿದ್ದವು. ಗೇಟ್ ತೆಗೆಯಲು ಅವರನ್ನು ಎಬ್ಬಿಸಬೇಕಾಯಿತು. ಒಳಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಮಾಡಿದ ಕೆಲಸ ಬಹಳ ಸಣ್ಣದು: ಎರಡು ನಂಬರ್ ಬದಲಿಸಿ ಸೇವ್ ಮಾಡಿದ್ದು. ಹೊರಗೆ ಬರುವಷ್ಟರಲ್ಲಿ ಕಂಬಳಿಗಳ ಒಳಗೆ ಫೋನುಗಳು ಒಂದೊಂದೇ ಕುಂಯ್‌ಗುಟ್ಟುತ್ತಿದ್ದವು. ಎಬ್ಬಿಸಿದ್ದಕ್ಕೆ ಗೊಣಗುತ್ತಿದ್ದ ಹೆಂಗಸು ಆಗಲೇ ಫೋನ್ ಹಿಡಿದು, “ಎಲ್ಲೋಗಿದ್ಯ? ಆಗಿಂದ ಮಾಡ್ತಾವ್ನಿ” ಎಂದು ಯಾರನ್ನೋ ಗದರುತ್ತಿದ್ದಳು.

ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲರವಿಯ ಕೊಡ ಹೊತ್ತು ಬರುವ ದಿನವೂ ಲಿಂಕ್ ಕುಂಟುತ್ತಾ ನಿಂತಿತು. ಮೋಡ ಕವಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟ.

ತೇರು ಮುಗಿದ ಮೇಲೆ ಫೈಬರ್ ಸೇರಿತು. ಡಿಶ್ ಮತ್ತೆ ತಿರುಗಿಸಿ, ಆ ತುದಿ ನೋಡಲು ಲೊಕ್ಕನಹಳ್ಳಿಗೆ ಹೋದೆ. ಟವರ್ ಪಕ್ಕದ ಅಂಗಡಿಯವರು ಟೀ ಕೊಟ್ಟೇ ಕೇಳಿದರು. “ಮಗ ತಿರುಪ್ಪೂರ್‌ಲಿ ಗಾರ್ಮೆಂಟ್ಸ್‌ಗೆ ಹೋಯ್ತಾನ. ಹಬ್ಬಕ್ಕ ಬತ್ತೀನೋ ಇಲ್ವೋ ಅಂತ ಹೇಳಕ್ಕೂ ಫೋನ್ ಹತ್ನಿಲ್ಲ. ಕಾಮಗೆರೇಲಿ ಕಡ್ದದ್ದು ಅಂತೀರಿ. ಹನೂರ್‌ಗ ಅವತ್ತೇ ಬಂತಂತಲ್ಲ, ನಮಗ್ಯಾಕ ಬರ್ನಿಲ್ಲ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಟೀ ಕಾಸು ಈಸಿಕೊಂಡರು, ಮತ್ತೆ ಮಾತಾಡಲಿಲ್ಲ.

ವರದಿಯಲ್ಲಿ ಹನೂರು ಟವರ್‌ಗೆ ಎರಡನೇ ಡಿಶ್ ಬೇಕೆಂದೂ ಲೊಕ್ಕನಹಳ್ಳಿಗೆ ಇನ್ನೊಂದು ದಾರಿ ಬೇಕೆಂದೂ ಬರೆದೆ. ಶಿವರಾತ್ರಿ ಜಾತ್ರೆಗೆ ಮೊದಲೇ ಡಿಶ್ ಬಂತು. ಕೊಳ್ಳೇಗಾಲದ ಕಡೆ ಮುಖ ಮಾಡಿಸಿ ಕಾಯಂ ಆಗಿ ಬಿಗಿದೆವು. ಲೊಕ್ಕನಹಳ್ಳಿಯ ಇನ್ನೊಂದು ದಾರಿ ನಾನು ಆ ಕೆಲಸದಲ್ಲಿ ಇರುವ ತನಕ ಬರಲಿಲ್ಲ.