ನನ್ನ ಗಂಡನ ಮಣ್ಣಿಗೆ ಬಂದವರು

ನಮ್ಮ ಸಭೆ ಒಡೆದದ್ದು ಉಪದೇಶದ ಮೇಲಲ್ಲ. ತ್ರಿಯೇಕತ್ವದ ಬಗ್ಗೆಯಾಗಲಿ ದೀಕ್ಷಾಸ್ನಾನದ ಬಗ್ಗೆಯಾಗಲಿ ಯಾರಲ್ಲೂ ಬೇರೆ ಮಾತಿರಲಿಲ್ಲ. ಚರ್ಚಿನ ಕಂಪೌಂಡಿಗೆ ಹತ್ತಿದ ಮಳಿಗೆಗಳ ಬಾಡಿಗೆ ಲೆಕ್ಕವನ್ನು ಯಾರೋ ಕೇಳಿದರು, ಇನ್ನಾರೋ ಸಿಟ್ಟಾದರು. 2017ರ ಕಮಿಟಿ ಚುನಾವಣೆಗೆ ಎರಡು ಪಟ್ಟಿಗಳಾದವು. ಸೋತವರು ಕೋರ್ಟಿಗೆ ಹೋದರು, ಬ್ಯಾಂಕ್ ಖಾತೆಗೆ ತಡೆಯಾಜ್ಞೆ ಬಂತು. ಒಂದೇ ಚರ್ಚಿನಲ್ಲಿ ಬೆಳಗಿನ ಆರಾಧನೆ ಅವರದು, ಹತ್ತು ಗಂಟೆಯದು ನಮ್ಮದು ಎಂದಾಯಿತು. ಚರ್ಚಿನ ಕೀಲಿ ನಮ್ಮ ಕಡೆ, ಸ್ಮಶಾನದ ಕೀಲಿ ಅವರ ಕಡೆ.

ಹೊರಗಿನವರಿಗೆ ಇದು ಸಣ್ಣ ಜಗಳದಂತೆ ಕಾಣಬಹುದು. ನಮ್ಮದು ಧಾರವಾಡ ಸೀಮೆಯ ಹಳೇ ಬಾಸೆಲ್ ಮಿಷನ್ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳು 1837ರಲ್ಲಿ ಧಾರವಾಡಕ್ಕೆ ಬಂದರು. ಆಮೇಲಿನ ವರ್ಷಗಳಲ್ಲಿ ಬೇರೆ ಬೇರೆ ಕುಲಗಳಿಂದ ಕ್ರಿಸ್ತನನ್ನು ನಂಬಿ ಬಂದ ನಮ್ಮ ಹಿರೀಕರನ್ನು ಅವರವರ ಮನೆಯವರು ಹೊರಗಿಟ್ಟರು. ಅವರಿಗೆ ಉಳಿದ ಬಳಗವೆಂದರೆ ಸಭೆಯೊಂದೇ. ಹೆಣ್ಣು ಕೊಡುವುದು, ತರುವುದು, ಬಾಣಂತನ, ಮಣ್ಣು ಎಲ್ಲವೂ ಸಭೆಯೊಳಗೇ. ಹಾಗಾಗಿ ಸಭೆ ಒಡೆದಾಗ ನಮ್ಮ ಮನೆಗಳೇ ಒಡೆದವು. ನನ್ನ ತವರಿನವರು ಆ ಕಡೆ, ಗಂಡನ ಮನೆಯವರು ಈ ಕಡೆ. ನನ್ನ ತಮ್ಮನ ಮಗಳ ಮದುವೆಗೆ ನಮಗೆ ಕರೆ ಬರಲಿಲ್ಲ. ಸಂಡೇ ಸ್ಕೂಲಿನಲ್ಲಿ ಒಟ್ಟಿಗೆ ಕಲಿತ ಮಕ್ಕಳು ದಾರಿಯಲ್ಲಿ ಎದುರಾದರೆ ಮುಖ ತಿರುಗಿಸುವುದನ್ನು ಕಲಿತರು. ನನಗೆ ಅತ್ಯಂತ ನೋವಾದದ್ದು ಅದು.

ಆ ವರ್ಷಗಳಲ್ಲಿ ಭಕ್ತಿಗೇನೂ ಕಡಿಮೆಯಿರಲಿಲ್ಲ. ಎರಡೂ ಗುಂಪಿನಲ್ಲಿ ಉಪವಾಸ ಪ್ರಾರ್ಥನೆ, ರಾತ್ರಿ ಜಾಗರಣೆ, ಉಜ್ಜೀವನ ಕೂಟಗಳು ನಡೆಯುತ್ತಿದ್ದವು. ಆದರೆ ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಪೌಲನು ಬೆಳವಣಿಗೆಯನ್ನೂ ಐಕ್ಯವನ್ನೂ ಬೇರೆ ಬೇರೆಯಾಗಿ ಹೇಳುವುದಿಲ್ಲ. ಪ್ರತಿ ಅಂಗ ತನ್ನ ಪಾಲಿನ ಕೆಲಸ ಮಾಡಿದಾಗ ದೇಹ ಬೆಳೆಯುತ್ತದೆ ಎನ್ನುತ್ತಾನೆ. ಅದನ್ನು ಬರೆದಾಗ ಆತ ಸೆರೆಯಲ್ಲಿದ್ದ. ಈ ಅಧ್ಯಾಯದ ಮೇಲೆ ನಾವು ಕೇಳಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಅದರ ಅರ್ಥ ನನಗೆ ತಿಳಿದದ್ದು 2021ರ ಬೇಸಿಗೆಯಲ್ಲಿ.

ಏಪ್ರಿಲ್ ಕೊನೆಗೆ ನಮ್ಮ ಮನೆಯವರಿಗೆ ಜ್ವರ ಬಂತು, ಹಿಂದೆಯೇ ನನಗೂ ಬಂತು. ಆಕ್ಸಿಮೀಟರ್ ಅವರಿಗೆ 86 ತೋರಿಸತೊಡಗಿತು. ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ, ಊರಲ್ಲಿ ಆಕ್ಸಿಜನ್ ಇಲ್ಲ. ನಮ್ಮ ಗುಂಪಿನ ಮನೆಗಳಲ್ಲೂ ಜನ ಮಲಗಿದ್ದರು, ಯಾರನ್ನು ಕರೆಯುವುದು? ಮಗಳು ಫೋನ್ ಹಿಡಿದುಕೊಂಡು ಅಳುತ್ತಿದ್ದಳು. ರಾತ್ರಿ ಬಾಗಿಲ ಹೊರಗೆ ಟೆಂಪೋ ನಿಂತ ಸದ್ದಾಯಿತು.

"ಅಕ್ಕಾರ, ಬಾಗಲಾ ತಗೀರಿ. ಸಿಲಿಂಡರ್ ತಂದೀನಿ."

ಬಂದವರು ವೆಲ್ಡಿಂಗ್ ಅಂಗಡಿ ನಡೆಸುವ ಹಿರಿಯರು. ದಾವೆಯಲ್ಲಿ ಮೊದಲನೇ ವಾದಿ ಅವರೇ, ನನ್ನ ಗಂಡ ಪ್ರತಿವಾದಿಗಳಲ್ಲೊಬ್ಬರು. ವೆಲ್ಡಿಂಗ್ ಕೆಲಸದಿಂದ ಸಿಲಿಂಡರ್ ತುಂಬಿಸುವವರ ಪರಿಚಯ ಅವರಿಗಿತ್ತು. ಹುಬ್ಬಳ್ಳಿಗೆ ಹೋಗಿ, ಸಾಲಿನಲ್ಲಿ ನಿಂತು ತುಂಬಿಸಿಕೊಂಡು ಬಂದಿದ್ದರು. ನಮ್ಮವರು ಏದುಸಿರಿನಲ್ಲೇ, "ನೀ ಯಾಕ ಬಂದಿ?" ಎಂದರು. "ಮತ್ತ ಯಾರು ಬರಬೇಕು?" ಎಂದು ಅವರು ರೆಗ್ಯುಲೇಟರ್ ತಿರುವಿದರು.

ಮರುದಿನದಿಂದ ಹೊಸ್ತಿಲ ಮೇಲೆ ಗಂಜಿ, ಕಷಾಯ, ಮಗಳಿಗೆ ರೊಟ್ಟಿ ಪಲ್ಯೆ ಬರತೊಡಗಿತು. ತಂದಿಟ್ಟು ಹೋಗುತ್ತಿದ್ದವರು ಆ ಕಡೆಯ ಮಹಿಳಾ ಕೂಟದವರು. ವರ್ಷಗಟ್ಟಲೆ ನನ್ನ ವಂದನೆಗೆ ಉತ್ತರ ಕೊಡದಿದ್ದ ಒಬ್ಬರು ಕಿಟಕಿಯಾಚೆ ನಿಂತು ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು.

ಕಡೆಗೂ ನಮ್ಮವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಆದರೆ ಅವರು ಉಳಿಯಲಿಲ್ಲ. ನಾನು ಮನೆಯಲ್ಲಿ ಬೇರೆಯಾಗಿ ಮಲಗಿದ್ದೆ. ಮುಖ ನೋಡುವುದಕ್ಕೂ ಆಗಲಿಲ್ಲ.

ಮಣ್ಣಿಗೆ ಐದೇ ಮಂದಿಗೆ ಅನುಮತಿಯಿತ್ತು. ಕುಣಿ ತೋಡುವವರು ಹೆದರಿ ಬರಲಿಲ್ಲ. ಮೇ ತಿಂಗಳ ಎರೆ ನೆಲ ಕಲ್ಲಿನಂತಾಗಿರುತ್ತದೆ, ಹಾರೆ ಇಳಿಯುವುದಿಲ್ಲ. ವೆಲ್ಡಿಂಗ್ ಅಂಗಡಿಯ ಹಿರಿಯರೇ ಸ್ಮಶಾನದ ಕೀಲಿ ತೆಗೆದರು. ಅವರು, ಅವರ ಮಗ, ನನ್ನ ಮೈದುನ, ನಮ್ಮ ಕಡೆಯ ಒಬ್ಬ ಹುಡುಗ ಸರದಿಯ ಮೇಲೆ ತೋಡಿದರು. ಐದನೆಯವರು ಪಾದ್ರಿಯವರು. ಆ ಬಿಸಿಲಿನಲ್ಲಿ ಪಿಪಿಇ ಕಿಟ್ ಹಾಕಿಕೊಂಡು ನಾಲ್ಕು ಮಂದಿ ಹಗ್ಗ ಹಿಡಿದು ಇಳಿಸಿದರು. ಎರಡು ತುದಿಗೆ ವಾದಿಗಳ ಕಡೆಯವರು, ಎರಡು ತುದಿಗೆ ಪ್ರತಿವಾದಿಗಳ ಕಡೆಯವರು. ಅಲ್ಲಿಂದ ಬಂದ ವಿಡಿಯೋ ಕರೆಯನ್ನು ಮಗಳು ನನಗೆ ತೋರಿಸಿದಳು. ಮಾಸ್ಕಿನೊಳಗಿಂದ ಅವರು ಹಾಡಿದ ಕೀರ್ತನೆ ಸರಿಯಾಗಿ ಕೇಳಲಿಲ್ಲ, ರಾಗ ಮಾತ್ರ ಗೊತ್ತಾಯಿತು.

ಆ ಬೇಸಿಗೆಯಲ್ಲಿ ಸಭೆಯ ಇನ್ನೂ ಹಲವರು ಹೋದರು. ಆ ನಾಲ್ವರೇ ಮುಂದೆ ನಿಂತರು. ರೋಗಿಗಳ ಪಟ್ಟಿ ಒಂದೇ ಆಯಿತು. ಯಾರಿಗೆ ರೇಷನ್, ಯಾರಿಗೆ ಔಷಧಿ, ಯಾರ ಮನೆಯಲ್ಲಿ ಮುದುಕರು ಒಂಟಿ ಎಂದು ಅದರಲ್ಲೇ ಬರೆದರು. ಕ್ರೈಸ್ತರಲ್ಲದ ನೆರೆಮನೆಯವರೂ ಕರೆದರು, ಅಲ್ಲಿಗೂ ಇವರು ಹೋದರು. ಸಭೆಯ ಖಾತೆಗೆ ತಡೆಯಿದ್ದುದರಿಂದ ದುಡ್ಡು ಕೈಯಿಂದ ಕೈಗೆ ಬರುತ್ತಿತ್ತು. ಅದಕ್ಕೊಂದು ನೋಟ್‌ಬುಕ್ ಮಾಡಿ, ಪ್ರತಿ ಖರ್ಚಿಗೂ ಆ ಕಡೆಯ ಒಬ್ಬರು, ಈ ಕಡೆಯ ಒಬ್ಬರು ಸಹಿ ಮಾಡಿದರು. ವಾರಕ್ಕೊಮ್ಮೆ ಲೆಕ್ಕವನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಹಾಕಿದರು. ಯಾವ ಲೆಕ್ಕದಿಂದ ಸಭೆ ಒಡೆದಿತ್ತೋ ಅದೇ ಲೆಕ್ಕ ಈಗ ಎಲ್ಲರ ಕಣ್ಣೆದುರಿಗಿತ್ತು. ನನ್ನ ತಿಳಿವಳಿಕೆಯಲ್ಲಿ ನಮ್ಮ ಸಭೆಯನ್ನು ಜೋಡಿಸಿದ್ದು ಅತ್ತು ಅಪ್ಪಿಕೊಂಡ ಯಾವ ಕೂಟವೂ ಅಲ್ಲ, ಆ ನೋಟ್‌ಬುಕ್ಕು. ದೇವರು ಅದನ್ನು ಉಪಯೋಗಿಸಿದನು.

ಚರ್ಚು ಮತ್ತೆ ತೆರೆದಾಗ ಪಾದ್ರಿಯವರು ಇನ್ನು ಮೇಲೆ ಒಂದೇ ಆರಾಧನೆ, ಒಂದೇ ಕರ್ತನ ಭೋಜನ ಎಂದರು. ಎರಡೂ ಕಡೆ ವಿರೋಧ ಬಂತು. ದಾವೆ ಮುಗಿಯಲಿ, ಆಮೇಲೆ ನೋಡೋಣ ಎಂದವರೇ ಹೆಚ್ಚು. ಆಗ ನಮ್ಮ ಹಿರಿಯ ಮಾಸ್ತರರು ಎದ್ದು ನಿಂತು, ಬೇರೆ ಬೇರೆ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ಹುಟ್ಟಿದ ಕಥೆ ಹೇಳಿದರು. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಮುಗಿಯಿತು. ಅದಕ್ಕಾಗಿ ದುಡಿದ ಬಿಷಪ್ ಅಜರಯ್ಯನವರು 1945ರಲ್ಲೇ ತೀರಿಕೊಂಡರು, ಕಣ್ಣಾರೆ ನೋಡಲಿಲ್ಲ. "ನಾವು ಇನ್ನ ಎಷ್ಟು ಮಂದಿನ ಮಣ್ಣು ಮಾಡಿ ಒಂದಾಗೋಣ?" ಎಂದು ಕೇಳಿ ಕೂತರು. ಯಾರೂ ಮಾತಾಡಲಿಲ್ಲ. ಮುಂದಿನ ಭಾನುವಾರ ಭೋಜನದ ಮೇಜು ಒಂದೇ ಇತ್ತು.

ನಾನು ಹೋದೆ. ನನ್ನ ಗಂಡನನ್ನು ಕಳ್ಳ ಎಂದು ಕರೆದಿದ್ದವರ ಪಕ್ಕದಲ್ಲೇ ಮೊಣಕಾಲೂರಿದೆ. ಮನಸ್ಸು ತಿಳಿಯಾಗಿರಲಿಲ್ಲ, ಈಗಲೂ ಕೆಲವು ದಿನ ಇರುವುದಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದು ಯೇಸು ಹೇಳಿದ್ದು ಮನಸ್ಸು ತಿಳಿಯಾದ ಮೇಲೆ ಮಾಡುವುದಕ್ಕಲ್ಲ ಎಂದು ನನಗನಿಸುತ್ತದೆ. ಹೋಗು ಎಂದನು, ಹೋಗಬೇಕು. ಕ್ಷಮೆ ನನಗೆ ದಾರಿಯಲ್ಲಿ ನಡೆಯುತ್ತ ಸ್ವಲ್ಪ ಸ್ವಲ್ಪವೇ ಸಿಗುತ್ತಿದೆ.

ಎಲ್ಲ ಸರಿಹೋಯಿತೆಂದು ಹೇಳಲಾರೆ. ಒಂದು ಮನೆಯವರು ಬೇರೆ ಸಭೆಗೆ ಹೋದರು, ಮರಳಲಿಲ್ಲ. ದಾವೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು, ಮಳಿಗೆಗಳ ಲೆಕ್ಕವನ್ನು ಈಗ ಸುಗ್ಗಿ ಹಬ್ಬದ ದಿನ ಓದುತ್ತಾರೆ.

ನಿಮ್ಮ ಸಭೆಯಲ್ಲೂ ಜಗಳವಿದ್ದರೆ ತೀರ್ಪಿಗಾಗಿ ಕಾಯಬೇಡಿ. ಸ್ಮಶಾನದ ಕೀಲಿ, ರೋಗಿಗಳ ಪಟ್ಟಿ, ಲೆಕ್ಕದ ಪುಸ್ತಕ ಈ ಮೂರನ್ನು ಈ ವಾರವೇ ಎರಡೂ ಕಡೆಯವರ ಕೈಗೆ ಒಟ್ಟಿಗೆ ಕೊಡಿ.