ಸೂಳೆಕೆರೆಯ ಬೆರಕೆಮೀನು

ಬಸವಾಪಟ್ಟಣಕ್ಕೆ ಹೋದವರು ಆಗ್ನೇಯಕ್ಕಿರುವ ಸೂಳೆಕೆರೆಯನ್ನು ನೋಡದೆ ಹಿಂದಿರುಗುವುದುಂಟೆ? ಶಾಂತಿಸಾಗರವೆಂದೂ ಇದಕ್ಕೆ ಹೆಸರು. ಹರಿದ್ರಾ ನದಿಯು ಗುಡ್ಡಗಳ ನಡುವೆ ನುಸುಳುವೆಡೆಯಲ್ಲಿ ಪೂರ್ವಿಕರು ಏರಿ ಕಟ್ಟಿ ನೀರನ್ನು ತಡೆದರು. ಏರಿಯ ಉದ್ದ ಅಲ್ಪ. ಅದರ ಹಿಂದೆ ನಿಂತ ನೀರೋ, ಕಣ್ಣು ಹಾಯುವಷ್ಟು. ಕಟ್ಟಿಸಿದಳೆನ್ನುವ ಶಾಂತವ್ವೆಯ ಕಥೆಯನ್ನು ವಾಚಕರು ಕೇಳಿಯೇ ಇರುವರು. ನಾವು ಹೇಳಹೊರಟಿರುವುದು ನೀರೊಳಗಣ ಸಂಗತಿ.

ನಾವು ದಡಕ್ಕಿಳಿದಾಗ ಹರಿಗೋಲೊಂದು ಆಗತಾನೆ ಬಂದಿತ್ತು. ಬುಟ್ಟಿಯಲ್ಲಿ ಮೊಳದುದ್ದದ ಮೀನೊಂದು ಹೊಳೆಯುತ್ತಿತ್ತು.

"ಯಜಮಾನರೆ, ಇದು ಯಾವ ಮೀನು?"

"ತಲೆ ನೋಡಿದರೆ ಕಾಟ್ಲಾ, ತುಟಿ ನೋಡಿದರೆ ರೋಹು. ಬೆರಕೆ, ಸ್ವಾಮಿ" ಎಂದರು ವೃದ್ಧ ಬೆಸ್ತರು.

ಕಾಟ್ಲಾದ ತಲೆ ಬಲು ದೊಡ್ಡದು, ಕೆಳದವಡೆ ಮುಂಚಾಚಿ ಬಾಯಿ ಮೇಲ್ಮುಖವಾಗಿರುವುದು, ಮೀಸೆಯಿಲ್ಲ. ನೀರಿನ ಮೇಲ್ಪದರದ ಸೂಕ್ಷ್ಮಜೀವಿಗಳನ್ನು ತಿನ್ನಲು ತಕ್ಕ ಬಾಯಿ ಅದು. ರೋಹು ನಡುನೀರಿನ ಮೀನು. ತಲೆ ಸಣ್ಣದು, ಮೈ ನೀಳ, ತುಟಿಯಂಚು ಜಾಲರಿಯಂತೆ ಸೀಳಿರುವುದು. ಬೆರಕೆಯದು ಇವೆರಡರ ನಡುವಣ ರೂಪ. ಅದರ ತಲೆ ಕಾಟ್ಲಾದ್ದಕ್ಕಿಂತ ಚಿಕ್ಕದು, ಮೈ ರೋಹುವಿನದಕ್ಕಿಂತ ಅಗಲ. ತಲೆ ಕಿರಿದಾದಷ್ಟೂ ಮಾಂಸ ಹೆಚ್ಚು; ಆದುದರಿಂದ ಅಡುಗೆಮನೆಯಲ್ಲಿ ಇದಕ್ಕೆ ಅಗೌರವವೇನೂ ಇಲ್ಲ.

ಹಿಡಿಯುವ ಬಗೆಯನ್ನೂ ಕೇಳಿದೆವು. ಕಡಲೆಕಾಯಿ ಹಿಂಡಿಯನ್ನು ತೌಡಿನೊಡನೆ ಕಲಸಿ ಉಂಡೆಮಾಡಿ ಗಾಳಕ್ಕೆ ಮೆತ್ತಿ, ಬೆಂಡು ಅಲುಗುವವರೆಗೆ ಕಾಯಬೇಕು. ಮೂರನೆಯ ಬೀಡಿ ಮುಗಿಯುವಷ್ಟು ತಾಳ್ಮೆ ಸಾಕಂತೆ, ನಮಗೆ ಅಷ್ಟಿರಲಿಲ್ಲ.

ಆದರೆ ಈ ಬೆರಕೆ ಎಲ್ಲಿಂದ ಬಂದಿತು? ಈ ಜಾತಿಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡವು. ಹಿಂದೆ ಮರಿಗಳನ್ನು ನದಿಗಳಿಂದಲೇ ಹಿಡಿದು ತರಬೇಕಾಗಿತ್ತು. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಮೀನುಗಳಿಂದ ಮೊಟ್ಟೆಯಿಡಿಸಿದರು. ಅದರಿಂದ ಮರಿಗಳನ್ನು ಪಡೆಯುವುದು ಸುಲಭವಾಯಿತು. ಆದರೆ ಒಂದೇ ತೊಟ್ಟಿಯಲ್ಲಿ ಎರಡು ಜಾತಿಗಳನ್ನೂ ಬಿಟ್ಟಲ್ಲಿ ಒಂದರ ಮೊಟ್ಟೆಗೆ ಇನ್ನೊಂದರ ಬೀಜ ತಾಗುವುದು. ಹುಟ್ಟಿದ ಬೆರಕೆ ಬಂಜೆಯಲ್ಲ. ಅದನ್ನೇ ಕಾಟ್ಲಾ ಎಂದು ತಿಳಿದು ಮತ್ತೆ ಮರಿಗಿಟ್ಟರೆ, ಎರಡು ಮೂರು ತಲೆಗಳಲ್ಲಿ ಕಣ್ಣಿನಿಂದ ಗುರುತಿಸುವುದೇ ಕಷ್ಟವಾಗಿ, ಶುದ್ಧ ತಳಿಯು ಕೈಬಿಟ್ಟುಹೋಗುವುದು.

ವೃದ್ಧರು ಇದನ್ನು ಯಾವ ಗ್ರಂಥವನ್ನೂ ಓದದೆಯೇ ಅರಿತಿದ್ದರು. "ಮರಿಗೆಂದು ಕೇಳುವವರಿಗೆ ಇದನ್ನು ಕೊಡೆನು, ಸ್ವಾಮಿ, ಇದು ಪೇಟೆಗೆ" ಎಂದು ಮೀನನ್ನು ತಕ್ಕಡಿಗೆ ಹಾಕಿದರು.