ಕೂಡುವ ಮೊದಲು ಕಳೆ



ನಮ್ಮ ಪತ್ರಿಕೆಯಲ್ಲಿ ಪರ್ಮಿಟ್, ಪಾಸ್‌ಪೋರ್ಟ್, ಊರಿಗೆ ಹಣ ಕಳಿಸುವುದು, ಹಬ್ಬದ ಊಟ ಇಂಥ ಮಾತೇ ಹೆಚ್ಚು. ಈ ಸಲ ಕಳೆ ಕೀಳುವ ಮಾತು ಆಡೋಣ. ಲೆಕ್ಕ ಬರೆಯುವವರಿಗೆ ಹೊಲದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಬಿ.ಕಾಂ. ಓದಿ ಇಪ್ಪತ್ತು ವರ್ಷದಿಂದ ಬೇರೆಯವರ ಜಮಾ-ಖರ್ಚು ಬರೆದುಕೊಂಡು ಬಂದಿರುವ ನಮಗೆ 'ಕಳೆ' ಅಂದರೆ ಮೊದಲು ನೆನಪಾಗುವುದು ಕೂಡು, ಕಳೆ, ಗುಣಿಸು, ಭಾಗಿಸು. ಆದರೆ ನಾವು ಕೋಲಾರದ ಕಡೆಯವರು. ರಾಗಿ ಹೊಲದಲ್ಲಿ ಬಗ್ಗಿ ಕಿತ್ತ ಆ ಇನ್ನೊಂದು ಕಳೆಯೂ ನಮಗೆ ಗೊತ್ತು. ಎರಡಕ್ಕೂ ಒಂದೇ ಹೆಸರು ಇಟ್ಟವರು ಯಾರೋ, ಲೆಕ್ಕ ಬಲ್ಲವರೇ ಇರಬೇಕು.

ನಾವು ಲೆಕ್ಕ ಬರೆಯುವುದು ತರಕಾರಿ ಸಗಟು ವ್ಯಾಪಾರದವರ ಹತ್ತಿರ. ಕ್ಯಾಮರೂನ್ ಹೈಲ್ಯಾಂಡ್ಸ್‌ನಿಂದ ಕೋಸು, ಟೊಮೇಟೊ, ಸಲಾಡ್ ಸೊಪ್ಪು ಬರುತ್ತವೆ. ಆಮದಿನ ಬಿಲ್ಲುಗಳಲ್ಲಿ ಆಗಾಗ ಪಾರ್ಸ್ನಿಪ್ ಅನ್ನುವ ಒಂದು ಹೆಸರು ಕಾಣುತ್ತದೆ. ಬಿಳಿ ಕ್ಯಾರೆಟ್‌ನಂತೆ ಕಾಣುವ ಗೆಡ್ಡೆ. ಕ್ಯಾರೆಟ್, ಕೊತ್ತಂಬರಿ, ಜೀರಿಗೆ, ಓಮ, ಸಬ್ಬಸಿಗೆ ಎಲ್ಲವೂ ಒಂದೇ ಕುಟುಂಬ. ಇದೂ ಆ ಮನೆಯದೇ. ಚಳಿ ಬೇಡುವ ಬೆಳೆ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದಾಗ ಗೆಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗಿ ರುಚಿ ಏರುತ್ತದೆ. ಮಲೇಷ್ಯಾದ ಬೆಟ್ಟದಲ್ಲಿ ತಂಪು ಉಂಟು, ಆ ಚಳಿ ಇಲ್ಲ. ಹಾಗಾಗಿ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಬೆಲೆ ಕ್ಯಾರೆಟ್‌ಗಿಂತ ಎಷ್ಟೋ ಪಾಲು ಹೆಚ್ಚು. ಸಾಗಣೆ ಒಂದು ಕಾರಣ. ಇನ್ನೊಂದು ಕಾರಣ ಹೊಲದಲ್ಲೇ ಇದೆ, ಅದೇ ಕಳೆ.

ಪಾರ್ಸ್ನಿಪ್ ಬೀಜ ಮೊಳೆಯಲು ಮೂರು ನಾಲ್ಕು ವಾರ ಬೇಕು. ಕಳೆ ನಾಲ್ಕೈದು ದಿನಕ್ಕೆ ತಲೆ ಎತ್ತುತ್ತದೆ. ಬೆಳೆ ಕಣ್ಣು ಬಿಡುವ ಹೊತ್ತಿಗೆ ಹೊಲ ಅವರದ್ದಾಗಿರುತ್ತದೆ. ಸಾಲು ಎಲ್ಲಿದೆ ಅಂತ ಕಾಣುವುದಿಲ್ಲ, ಕಾಣದ ಸಾಲಿನ ನಡುವೆ ಎಡೆಕುಂಟೆ ಆಡಿಸುವುದು ಹೇಗೆ? ಅದಕ್ಕೇ ಇಂಗ್ಲೆಂಡಿನ ಕೈತೋಟದವರು ಪಾರ್ಸ್ನಿಪ್ ಜೊತೆ ಸಾಲಿನಲ್ಲಿ ಒಂದಿಷ್ಟು ಮೂಲಂಗಿ ಬೀಜ ಹಾಕುತ್ತಾರೆ. ಮೂಲಂಗಿ ಬೇಗ ಎದ್ದು ಸಾಲು ತೋರಿಸುತ್ತದೆ. ದೊಡ್ಡ ಹೊಲದವರು ಬೆಳೆ ಮೇಲೇಳುವ ಒಂದೆರಡು ದಿನ ಮುಂಚೆ ಗ್ಯಾಸ್ ಬೆಂಕಿಯಿಂದ ಕಳೆಯ ಮೊಳಕೆ ಸುಡುವುದೂ ಉಂಟು. ವಿಷ ಹಾಕದೆ ಬೆಳೆಯುವ ಕೆಲವು ಹೊಲಗಳಲ್ಲಿ ಟ್ರ್ಯಾಕ್ಟರ್ ನಿಧಾನಕ್ಕೆ ಎಳೆಯುವ ಹಾಸಿಗೆಯಂಥ ಗಾಡಿಯ ಮೇಲೆ ಆಳುಗಳು ಬೋರಲು ಮಲಗಿ, ಎರಡೂ ಕೈಯಲ್ಲಿ ಕಳೆ ಕೀಳುತ್ತಾ ಸಾಗುತ್ತಾರೆ. ಹೀಗೆ ಮಲಗಿ ಕೀಳುವವರಲ್ಲಿ ಬೇರೆ ದೇಶದಿಂದ ದುಡಿಯಲು ಬಂದವರೇ ಹೆಚ್ಚು. ಅಲ್ಲಿಯೂ ನಮ್ಮಂಥವರೇ ಅಂತ ಇಟ್ಟುಕೊಳ್ಳಿ.

ಪಾರ್ಸ್ನಿಪ್ ಮಾತು ಇಷ್ಟಕ್ಕೆ ಸಾಕು. ನಮ್ಮ ಜನಕ್ಕೆ ಬೇಕಾದದ್ದು ಅದರ ತಂಗಿ ಕ್ಯಾರೆಟ್‌ನ ಮಾತು. ಮಾಲೂರು, ಚಿಕ್ಕಬಳ್ಳಾಪುರದ ಕಡೆ, ಅತ್ತ ನೀಲಗಿರಿಯಲ್ಲಿ ನಮ್ಮ ಮಾತಿಗೆ ಹತ್ತಿರದ ಮಾತಾಡುವ ಬಡಗರ ಹೊಲಗಳಲ್ಲಿ ಕ್ಯಾರೆಟ್ ದುಡ್ಡಿನ ಬೆಳೆ. ಅದಕ್ಕೂ ಅಕ್ಕನ ಗುಣವೇ. ಮೊಳೆಯಲು ಎಂಟರಿಂದ ಹದಿನೈದು ದಿನ. ಮೊಳೆತ ಮೇಲೂ ದಾರದಂಥ ಎಲೆ, ನೆರಳು ಕೊಡುವ ಶಕ್ತಿ ಇಲ್ಲ. ಗರಿಕೆ, ಜೇಕು, ಕಾಡು ಹರಿವೆ ಎಲ್ಲ ಅದರ ತಲೆ ಮೇಲೆ ಕೂರುತ್ತವೆ. ಬಿತ್ತಿದ ಮೊದಲ ಆರು ವಾರ ಯಾರು ಹೊಲ ಕಾಯ್ದರೋ ಬೆಳೆ ಅವರದು.

ಈ ಆರು ವಾರದ ಸಂಗತಿ ನಮಗೆ ಮನದಟ್ಟಾದದ್ದು ಒಂದು ಮನೆಯ ಲೆಕ್ಕದಿಂದ. ಚಿಕ್ಕಬಳ್ಳಾಪುರದ ಕಡೆಯ ಒಬ್ಬ ಗೆಳೆಯರು ಕ್ಯಾಮರೂನ್ ಬೆಟ್ಟದ ತರಕಾರಿ ತೋಟದಲ್ಲಿದ್ದಾರೆ. ಊರಲ್ಲಿ ಅವರ ಹೆಂಡತಿ, ಬಾಮೈದ ಸೇರಿ ಒಂದು ಎಕರೆ ಗುತ್ತಿಗೆಗೆ ಹಿಡಿದು ಕ್ಯಾರೆಟ್ ಹಾಕುತ್ತಾರೆ. ದುಡ್ಡು ಇಲ್ಲಿಂದ ಹೋಗಬೇಕು. ಬೀಜಕ್ಕೆ ಕಳಿಸಿದರು, ಗೊಬ್ಬರಕ್ಕೆ ಕಳಿಸಿದರು. ಕಳೆಗೆ ಅಂತ ಕೇಳಿದಾಗ ಕೈ ತಡೆಯಿತು. ಒಂದು ದಿನ ರಜೆಯಲ್ಲಿ ಕೆಳಗೆ ಬಂದವರು ನಮ್ಮ ಎದುರು ಕೂತು ಹೇಳಿದರು: "ಸಾರ್, ಹುಲ್ಲು ಕೀಳೋದಕ್ಕೆ ಹದಿನೆಂಟು ಸಾವಿರವಂತೆ. ಬಾಮೈದ ಎಲ್ಲೋ ತಿಂತಾ ಇದಾನೆ. ನೀವು ಲೆಕ್ಕ ನೋಡಿ ಹೇಳಿ." ಬಾಮೈದನ ಜೊತೆ ಮೂರು ತಿಂಗಳಿಂದ ಮಾತಿಲ್ಲವಂತೆ. ಹೆಂಡತಿಯ ಜೊತೆಯೂ ಮಾತು ಅಷ್ಟಕ್ಕಷ್ಟೇ.

ನಾವು ಅವರ ಹೆಂಡತಿಗೆ ಫೋನ್ ಮಾಡಿ, ಒಂದು ನೋಟ್‌ಬುಕ್ಕಿನಲ್ಲಿ ಎರಡು ಬೆಳೆಯ ಲೆಕ್ಕ ಬರೆದುಕೊಂಡೆವು. ಆ ಹೆಣ್ಣುಮಗಳು ಓದಿದ್ದು ಏಳನೇ ಕ್ಲಾಸು. ಆದರೆ ಯಾವ ದಿನ ಎಷ್ಟು ಹೆಣ್ಣಾಳು ಬಂದರು ಅನ್ನುವುದು ಕ್ಯಾಲೆಂಡರಿನ ಮನೆಮನೆಯಲ್ಲೂ ಬರೆದಿಟ್ಟಿದ್ದರು. "ನಾನೇ ನಿಂತು ಕೀಳಿಸಿದೀನಿ ಅಣ್ಣಾ. ಇವರು ಅಲ್ಲಿಂದ ದುಡ್ಡು ಹಾಕೋ ಹೊತ್ತಿಗೆ ಹುಲ್ಲು ಮೊಣಕಾಲುದ್ದ ಬಂದಿತ್ತು," ಅಂದರು.

ಲೆಕ್ಕ ಹೀಗಿತ್ತು. ಮೊದಲ ಬೆಳೆಯಲ್ಲಿ ದುಡ್ಡು ತಡವಾಗಿ, ಕಳೆ ತೆಗೆದದ್ದು 50ನೆಯ ದಿನ, ಒಂದೇ ಸಲ. 45 ಹೆಣ್ಣಾಳು, ದಿನಕ್ಕೆ 400 ರೂಪಾಯಿ, ಒಟ್ಟು 18,000. ಬಂದ ಕ್ಯಾರೆಟ್ 50 ಕೆ.ಜಿ.ಯ 110 ಮೂಟೆ. ಎರಡನೆಯ ಬೆಳೆಗೆ ಆಕೆ ಓಲೆ ಅಡವಿಟ್ಟು 20ನೆಯ ದಿನಕ್ಕೆ 29 ಆಳು ಕರೆದು, ಕಳೆ ತೆಗೆಸಿ ಪೈರನ್ನೂ ವಿರಳ ಮಾಡಿಸಿದರು. 42ನೆಯ ದಿನಕ್ಕೆ ಮತ್ತೆ 17 ಆಳು. ಒಟ್ಟು 46 ಆಳು, 18,400 ರೂಪಾಯಿ. ಬಂದದ್ದು 170 ಮೂಟೆ.

ಖರ್ಚಿನ ವ್ಯತ್ಯಾಸ 400 ರೂಪಾಯಿ. ಮಾಲಿನ ವ್ಯತ್ಯಾಸ 60 ಮೂಟೆ. ಮೂಟೆಗೆ ಸಾವಿರ ಹಿಡಿದರೂ ಅರವತ್ತು ಸಾವಿರ. ಎರಡು ಬೆಳೆಗೂ ಮಳೆ ಒಂದೇ ಸಮ ಇರಲಿಲ್ಲ, ಪೂರ್ತಿ ವ್ಯತ್ಯಾಸ ಕಳೆಯದೇ ಅಂತ ನಾವು ಸಹಿ ಹಾಕಲಾರೆವು. ಆದರೆ ಬಹುಪಾಲು ಅದರದ್ದೇ. ತಡವಾಗಿ ಕಿತ್ತರೆ ಕಳೆಯ ಬೇರಿನ ಜೊತೆ ಕ್ಯಾರೆಟ್ಟೂ ಅಲುಗಾಡಿ ಮೇಲೆ ಬರುತ್ತದೆ. ಅಷ್ಟರಲ್ಲಿ ನೀರು, ಗೊಬ್ಬರ, ಬಿಸಿಲು ಎಲ್ಲ ಕಳೆ ತಿಂದಾಗಿರುತ್ತದೆ. ಬಾಮೈದ ಒಂದು ರೂಪಾಯಿಯೂ ತಿಂದಿರಲಿಲ್ಲ.

ನೋಟ್‌ಬುಕ್ ನೋಡಿ ಗೆಳೆಯರು ಬಹಳ ಹೊತ್ತು ಸುಮ್ಮನಿದ್ದರು. ಬೆಟ್ಟದಲ್ಲಿ ಅವರ ದಿನದ ಕೆಲಸದಲ್ಲಿ ಅರ್ಧ ಕಳೆ ಕೀಳುವುದೇ. ನಾವು ಅದನ್ನು ನೆನಪಿಸಿದಾಗ ಅಂದರು: "ಇಲ್ಲಿ ತೌಕೆ ಕೊಡೋದು ತಿಂಗಳ ಗಾಜಿ ಸಾರ್. ಅದರಲ್ಲಿ ಹುಲ್ಲಿಗೆ ಎಷ್ಟು ಅಂತ ಯಾರು ಬಿಡಿಸಿ ನೋಡ್ತಾರೆ?" ನಾವು ಬಿಡಿಸಿ ತೋರಿಸಿದೆವು. 2025ರಿಂದ ಇಲ್ಲಿ ಕನಿಷ್ಠ ವೇತನ ತಿಂಗಳಿಗೆ 1,700 ರಿಂಗಿಟ್. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 65 ರಿಂಗಿಟ್ ಚಿಲ್ಲರೆ. ಊರಿನ 18,400 ರೂಪಾಯಿ, ರಿಂಗಿಟ್‌ಗೆ 20 ರೂಪಾಯಿ ಹಿಡಿದರೆ, 920 ರಿಂಗಿಟ್. ಅಂದರೆ ನಮ್ಮವರ ಹದಿನಾಲ್ಕು ದಿನದ ಬೆವರು ಅಲ್ಲಿ 46 ಹೆಣ್ಣಾಳಿನ ಒಂದೊಂದು ದಿನದ ಬೆವರಾಗಿ ಇಳಿಯುತ್ತದೆ. ದೊಡ್ಡ ಮೊತ್ತವೇ, ಕೈ ತಡೆಯುವುದು ಸಹಜ. ಆದರೆ ಕಳಿಸುವುದೇ ಹೌದಾದರೆ ತಡವಾಗಿ ಕಳಿಸಿ ಉಳಿಯುವುದು ಏನೂ ಇಲ್ಲ.

"ಆಳು ಯಾಕೆ, ಔಷಧಿ ಹೊಡೆಸಿದರೆ ಆಗಲ್ವಾ?" ಅಂತ ಅವರು ಕೇಳಿದರು. ಇಲ್ಲಿ ಕೂತು ಊರಿನ ಹೊಲ ನಡೆಸುವವರೆಲ್ಲ ಕೇಳುವ ಪ್ರಶ್ನೆ ಇದು. ಆಗುತ್ತದೆ, ಆದರೆ ಅರ್ಧ. ಪೆಂಡಿಮೆಥಾಲಿನ್ ಅನ್ನುವ ಕಳೆನಾಶಕ ಉಂಟು. ಬಿತ್ತಿದ ಒಂದೆರಡು ದಿನದಲ್ಲಿ, ಬೆಳೆ ಏಳುವ ಮೊದಲು, ತೇವ ಇರುವ ಮಣ್ಣಿನ ಮೇಲೆ ಹೊಡೆಯಬೇಕು. ಅದು ಬೀಜದಿಂದ ಹುಟ್ಟುವ ಕಳೆಯನ್ನು ತಡೆಯುತ್ತದೆ. ಗೆಡ್ಡೆಯಿಂದ ಬರುವ ಜೇಕು, ಬಳ್ಳಿಬೇರಿನ ಗರಿಕೆ ಅದಕ್ಕೆ ಬಗ್ಗುವುದಿಲ್ಲ. ಗ್ಲೈಫೋಸೇಟ್, ಪ್ಯಾರಾಕ್ವಾಟ್‌ನಂಥವು ಹಸಿರು ಕಂಡದ್ದನ್ನೆಲ್ಲ ಕೊಲ್ಲುತ್ತವೆ. ಬೆಳೆದು ನಿಂತ ಕ್ಯಾರೆಟ್ ಮೇಲೆ ಬಿದ್ದರೆ ಕ್ಯಾರೆಟ್ಟೇ ಹೋಗುತ್ತದೆ.

ವಿಷವಿಲ್ಲದ ಹಳೆಯ ಉಪಾಯವೂ ಒಂದಿದೆ. ಮಡಿ ಸಿದ್ಧ ಮಾಡಿ, ನೀರು ಬಿಟ್ಟು, ಬಿತ್ತದೆ ಹತ್ತು ಹದಿನೈದು ದಿನ ಕಾಯುವುದು. ಕಳೆಯ ಮೊದಲ ದಂಡು ಎದ್ದು ಬರುತ್ತದೆ. ಅದನ್ನು ಮೇಲೆಮೇಲೆ ಕೆರೆದು, ಮಣ್ಣು ಆಳಕ್ಕೆ ತಿರುವದೆ ಬಿತ್ತುವುದು. ಆಳಕ್ಕೆ ತಿರುವಿದರೆ ಕೆಳಗೆ ಮಲಗಿದ್ದ ಬೀಜ ಮೇಲೆ ಬಂದು ಪಟ್ಟ ಕಷ್ಟ ದಂಡ. ಎರಡು ವಾರ ಮತ್ತು ಒಂದು ಸಲದ ನೀರು ಖರ್ಚು, ಆದರೆ ಮೊದಲ ಕಳೆಗೆ ಬೇಕಾಗುವ ಆಳು ಕಡಿಮೆಯಾಗುತ್ತದೆ. ಬೋರ್‌ವೆಲ್ ನೀರು ಇದ್ದವರು ಮಾಡಿ ನೋಡಬಹುದು.

ವಿಷದ ಮಾತು ಬಂದ ಮೇಲೆ ಇಲ್ಲಿ ತೋಟಗಳಲ್ಲಿರುವ ನಮ್ಮವರಿಗೆ ಒಂದಿಷ್ಟು ಹೇಳಲೇಬೇಕು. ಪ್ಯಾರಾಕ್ವಾಟ್ ಒಂದು ಗುಟುಕು ಹೊಟ್ಟೆಗೆ ಹೋದರೂ ಸಾವು ತರಬಲ್ಲದು, ಅದಕ್ಕೆ ಮದ್ದಿಲ್ಲ. ಮಲೇಷ್ಯಾ 2002ರಲ್ಲಿ ಅದಕ್ಕೆ ತಡೆ ಹಾಕಿತು, 2006ರಲ್ಲಿ ಸಡಿಲಿಸಿತು, 2020ರ ಜನವರಿ 1ರಿಂದ ಪೂರ್ತಿ ನಿಷೇಧಿಸಿತು. ಈ ತಡೆಯ ಹಿಂದೆ ರಬ್ಬರ್, ಎಣ್ಣೆತಾಳೆ ತೋಟಗಳಲ್ಲಿ ವಿಷ ಸಿಂಪಡಿಸಿ ಉಗುರು ಉದುರಿಸಿಕೊಂಡ, ಮೂಗಿನಲ್ಲಿ ರಕ್ತ ಸುರಿಸಿಕೊಂಡ ಹೆಂಗಸರಿದ್ದಾರೆ. ಅವರ ಕಷ್ಟವನ್ನು ತೆನಗನಿತಾ ಸಂಸ್ಥೆ 2002ರಲ್ಲಿ ವರದಿ ಮಾಡಿತು. ಹಾಗಾಗಿ ಯಾರಾದರೂ ಹಳೆಯ ಡಬ್ಬಿ ತಂದು 'ರಾಚುನ್ ಹೊಡಿ' ಅಂದರೆ ಮೊದಲು ಚೀಟಿ ಓದಿ. ಇಲ್ಲಿನ ಡಬ್ಬಿಗಳ ಮೇಲೆ ವಿಷದ ತೀವ್ರತೆಗೆ ಬಣ್ಣ ಇರುತ್ತದೆ: ಕಪ್ಪು ಎಲ್ಲಕ್ಕಿಂತ ಕೆಟ್ಟದ್ದು, ಆಮೇಲೆ ಕೆಂಪು, ಹಳದಿ, ನೀಲಿ, ಕೊನೆಗೆ ಬಿಳಿ. ಊರಿನ ಡಬ್ಬಿಯ ಕ್ರಮ ಬೇರೆ: ಕೆಂಪು, ಹಳದಿ, ನೀಲಿ, ಹಸಿರು. ಎರಡನ್ನೂ ಒಂದೇ ಅಂತ ತಿಳಿಯಬೇಡಿ. ಕೈಗವಸು, ಮುಖದ ಕವಚ, ಬೂಟು ಕೊಡದೆ ಹೊಡಿ ಅಂದರೆ ಕೇಳಿ ಪಡೆಯುವುದು ನಾಚಿಕೆಯ ವಿಷಯ ಅಲ್ಲ. ದಾಖಲೆ ಸರಿ ಇರುವ ವಿದೇಶಿ ಕೆಲಸಗಾರರಿಗೂ 2019ರ ಜನವರಿ 1ರಿಂದ ಪೆರ್ಕೆಸೊ ಅಡಿಯಲ್ಲಿ ಕೆಲಸದಲ್ಲಾದ ಗಾಯಕ್ಕೆ ರಕ್ಷಣೆ ಇದೆ. ವಂತಿಗೆ ಕಟ್ಟಬೇಕಾದವರು ಮಾಲೀಕರು. ನಿಮ್ಮ ಹೆಸರಿನಲ್ಲಿ ಕಟ್ಟಿದ್ದಾರಾ ಅಂತ ವಿಚಾರಿಸಿಕೊಳ್ಳಿ.

ಇನ್ನೊಂದು ಗಿಡದ ಬಗ್ಗೆ ಎಚ್ಚರ. ನಮ್ಮಲ್ಲಿ ಕಾಂಗ್ರೆಸ್ ಗಿಡ ಅನ್ನುವ ಪಾರ್ಥೇನಿಯಂಗೆ ಹಿಂದಿಯವರು 'ಗಾಜರ್ ಘಾಸ್' ಅನ್ನುತ್ತಾರೆ. ಎಲೆ ಕ್ಯಾರೆಟ್ ಎಲೆಯ ಹಾಗೇ ಇರುವುದರಿಂದ ಆ ಹೆಸರು. ಮುಟ್ಟಿದರೆ ಮೈ ತುರಿಕೆ, ಕೆಲವರಿಗೆ ಉಬ್ಬಸ. ಅದನ್ನು ತಿನ್ನಲೆಂದೇ ಮೆಕ್ಸಿಕೋದ ಒಂದು ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಗಿಡವೂ ಉಳಿದಿದೆ, ಹುಳವೂ ಉಳಿದಿದೆ. ಮಲೇಷ್ಯಾದಲ್ಲಿ ಈ ಗಿಡ ಗೊತ್ತಾದದ್ದು 2013ರಲ್ಲಿ. ಇಲ್ಲಿನವರಿಗೆ ಹೊಸದು, ನಮಗೆ ಹಳೆಯ ಪರಿಚಯ. ತೋಟದ ಅಂಚಿನಲ್ಲಿ ಕಂಡರೆ ಬರಿಗೈಯಲ್ಲಿ ಕೀಳದೆ, ಹೂ ಬಿಡುವ ಮೊದಲೇ ತೌಕೆಗೆ ತೋರಿಸಿ, ಕೃಷಿ ಇಲಾಖೆಗೆ ತಿಳಿಸಲು ಹೇಳಿ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ.

ಕೊನೆಗೆ ಲೆಕ್ಕದವರ ಮಾತು. ಊರಲ್ಲಿ ಕ್ಯಾರೆಟ್, ಈರುಳ್ಳಿ, ಕೊತ್ತಂಬರಿ ಹಾಕಿಸುವವರು ಹೀಗೆ ಮಾಡಿ. ಬೀಜದ ದುಡ್ಡು ಕಳಿಸುವ ದಿನವೇ ಕಳೆಯ ದುಡ್ಡನ್ನೂ ಬೇರೆಯಾಗಿ ಎತ್ತಿಡಿ. ಬಿತ್ತಿದ ತಾರೀಕು ಕೇಳಿ ಬರೆದುಕೊಳ್ಳಿ. ಅಲ್ಲಿಂದ ಹದಿನೈದನೆಯ ದಿನಕ್ಕೆ ಮೊದಲ ಕಂತು, ಮೂವತ್ತೈದನೆಯ ದಿನಕ್ಕೆ ಎರಡನೆಯ ಕಂತು ಊರಿನ ಖಾತೆ ಮುಟ್ಟಿರಲಿ. ಸಂಬಳದ ದಿನ ನೋಡಿ ಕಳಿಸಿದರೆ ಕಳೆ ಕಾಯುವುದಿಲ್ಲ. ಮನೆಯವರಿಗೆ ಆಳಿನ ಲೆಕ್ಕ ಬರೆದಿಡಲು ಹೇಳಿ, ಅನುಮಾನದಿಂದಲ್ಲ, ಮುಂದಿನ ಬೆಳೆಗೆ ಬೇಕಾಗುತ್ತದೆ ಅಂತ.

ಆ ಗೆಳೆಯರು ಓಲೆ ಬಿಡಿಸಿಕೊಳ್ಳಲು ಮೊದಲು ದುಡ್ಡು ಹಾಕಿದರು. ಆಮೇಲೆ ಬಾಮೈದನಿಗೆ ಫೋನ್ ಮಾಡಿ ಬಿತ್ತುವ ತಾರೀಕು ಕೇಳಿದರಂತೆ. ಅದಕ್ಕಿಂತ ಹೆಚ್ಚಿಗೆ ಏನು ಮಾತಾಡಿಕೊಂಡರೋ ನಾವು ಕೇಳಲಿಲ್ಲ.

ನಿಮ್ಮ ಮನೆಯ ಹೊಲದ ಲೆಕ್ಕವೂ ಹೀಗೆ ಬಿಡಿಸಿ ನೋಡಬೇಕು ಅನಿಸಿದರೆ, ಭಾನುವಾರ ಕೂಟಕ್ಕೆ ಬಂದಾಗ ಒಂದು ನೋಟ್‌ಬುಕ್, ಊರಿಂದ ತರಿಸಿದ ತಾರೀಕುಗಳು ಇಷ್ಟು ತನ್ನಿ. ಪೆನ್ನು ನಮ್ಮ ಹತ್ತಿರ ಇರುತ್ತದೆ.